ಊರಿನ ಮಣ್ಣಿನಿಂದಲೇ ಬಣ್ಣ ಮಾಡಿಕೊಂಡು ಚಿತ್ರ ಬರೆಯುವವರು ಇಲ್ಲಿ ಇದ್ದೀರಾ?

ಕೆಮ್ಮಣ್ಣಿನ ಹುಡುಗಿ (ಸಾಗರ, ಈಗ ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಕಥೆ. ಪ್ರಶ್ನೆಗಳು ಕೊನೆಯಲ್ಲಿವೆ, ಅವಸರವಿದ್ದವರು ನೇರವಾಗಿ ಅಲ್ಲಿಗೇ ಹೋಗಬಹುದು.

ನಮ್ಮದು ಸಾಗರದ ಕಡೆಯ ದೀವರ ಮನೆ, ಮಲೆನಾಡಿನ ಬೇಸಾಯದ ಸಮುದಾಯ. ಭೂಮಿ ಹುಣ್ಣಿಮೆಗೆ ನಮ್ಮಲ್ಲಿ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತಾರೆ. ವಿಜಯದಶಮಿ ಕಳೆದು ಹುಣ್ಣಿಮೆ ಬರುವುದರೊಳಗೆ ಬಿದಿರಿನ ಬುಟ್ಟಿಗೆ ಸಗಣಿ ಬಳಿದು, ಮೇಲೆ ಕೆಮ್ಮಣ್ಣು ಹಚ್ಚಿ, ಒಣಗಿದ ಮೇಲೆ ಅಕ್ಕಿಯ ಬಿಳಿಯಲ್ಲಿ ಎಳೆ ಎಳೆಯಬೇಕು. ಹುಣ್ಣಿಮೆಯ ನಸುಕಿನಲ್ಲಿ ಅದೇ ಬುಟ್ಟಿಯಲ್ಲಿ ಅಡುಗೆ ಹೊತ್ತು ಗದ್ದೆಗೆ ಹೋಗಿ, ಬಸುರಿಗೆ ಬಡಿಸಿದಂತೆ ಭೂಮಿಗೆ ಬಡಿಸುತ್ತಾರೆ. ಇಷ್ಟು ವರ್ಷ ಈ ಕೆಲಸ ಅಜ್ಜಿಯದಾಗಿತ್ತು. ಈ ಸಲ ಅವಳ ಕಣ್ಣು ಪೂರ್ತಿ ಮಂಜಾಗಿದೆ. ಬುಟ್ಟಿ ನನ್ನ ಮಡಿಲಿಗೆ ಬಂತು.

ಪುಂಡಿ ನಾರಿನ ಕುಂಚ ಹಿಡಿದವಳಿಗೆ ಮೊದಲ ಎಳೆಯಲ್ಲೇ ಕೈ ನಡುಗಿತು. ನಾರಿನ ತುದಿಯಲ್ಲಿ ಹಿಟ್ಟು ಹೆಚ್ಚಾದರೆ ಹನಿ ಇಳಿಯುತ್ತದೆ, ಕಡಿಮೆಯಾದರೆ ಗೆರೆ ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ. ಮಧ್ಯಾಹ್ನದ ಊಟದ ಹೊತ್ತಿಗೆ ಅರ್ಧ ಬುಟ್ಟಿ ಮುಗಿಯಿತು. ಅಜ್ಜಿ ಬಂದು ಕುಳಿತು, ಒಣಗಿದ ಎಳೆಗಳ ಮೇಲೆ ಬೆರಳ ತುದಿ ಆಡಿಸುತ್ತಾ ಹೋದಳು. ಒಂದು ಕಡೆ ಬೆರಳು ನಿಂತಿತು. "ಇಲ್ಲಿ ಎರಡು ಎಳೆ ಒಂದಕ್ಕೊಂದು ತಾಗಿವೆ, ನೋಡು" ಎಂದಳು. ತಾಗಿದ್ದವು. ನೆಟ್ಟಗೆ ಕಣ್ಣಿರುವ ನನಗೇ ಅದು ಕಂಡಿರಲಿಲ್ಲ.

ಬರುವಾಗ ಒಂದು ಚೀಲ ಕೆಮ್ಮಣ್ಣು ಕಟ್ಟಿಕೊಂಡು ಬಂದೆ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಒಂದು ಪ್ಲೈವುಡ್ ಹಲಗೆಗೆ ಮಣ್ಣು ಬಳಿದು, ಅಕ್ಕಿ ಹಿಟ್ಟು ಕಲಸಿ ಬರೆದೆ. ಮೂರು ದಿನಕ್ಕೆ ಬಿಳಿ ಎಳೆಗಳು ಹಪ್ಪಳದ ಚೂರಿನಂತೆ ಎದ್ದು ಬಂದವು. ಉಳಿದದ್ದನ್ನು ರಾತ್ರಿ ಜಿರಳೆಗಳು ಕೆರೆದು ತಿಂದವು. ಸುಟ್ಟ ಅಕ್ಕಿಯ ಕಪ್ಪು ಮಾಡಲು ಹೋದರೆ ಕಾಫಿಪುಡಿಯ ಬಣ್ಣ ಬಂತು.

ಒಂದನೆಯ ಪ್ರಶ್ನೆ: ಎಲ್ಲಿ ತಪ್ಪಿದೆ? ಎರಡನೆಯದು ಇದಕ್ಕಿಂತ ಕಷ್ಟದ್ದು. ಅಜ್ಜಿಯ ಚಿತ್ತಾರದಲ್ಲಿ ಭತ್ತದ ಸಸಿ ಇದೆ, ಅಡಿಕೆ ಮರವಿದೆ, ಬಾಸಿಂಗವಿದೆ. ಎಲ್ಲ ಅವಳ ಕಣ್ಣೆದುರಿಗೆ ಇದ್ದದ್ದು. ನನ್ನ ಕಿಟಕಿಯಿಂದ ಕಾಣುವುದು ಒಂದು ನುಗ್ಗೆ ಮರ, ಪಾರಿವಾಳ ಬಾರದಂತೆ ಕಟ್ಟಿದ ಬಲೆ, ಎರಡು ದಿನಕ್ಕೊಮ್ಮೆ ಬರುವ ನೀರಿನ ಟ್ಯಾಂಕರ್. ಎಳೆಯಲ್ಲಿ ಟ್ಯಾಂಕರ್ ಬರೆದರೆ ಅದು ಚಿತ್ತಾರವೋ, ಅಪಚಾರವೋ?

ಹಸೆಗೋಡೆ (ಸೊರಬ)

ತಂಗಿ, ಮೊದಲು ಹೇಳು, ಅಂಗಡಿಯಲ್ಲಿ ಸಿಗುವ ಪ್ಯಾಕೆಟ್ ಹಿಟ್ಟು ಕಲಸಿದೆಯೋ ಹೇಗೆ? ಅದು ಒಣ ಹಿಟ್ಟು, ತರಿ ತರಿ. ಅಕ್ಕಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಒರಳಲ್ಲಿ ನುಣ್ಣಗೆ ರುಬ್ಬಬೇಕು. ಒರಳಿಲ್ಲದಿದ್ದರೆ ಮಿಕ್ಸಿಯಲ್ಲಿ ಮೂರು ಸಲ ರುಬ್ಬಿ ಬಟ್ಟೆಯಲ್ಲಿ ಸೋಸು. ಬೆರಳಲ್ಲಿ ಅದ್ದಿ ಎತ್ತಿದರೆ ಉಗುರು ಮುಚ್ಚಬೇಕು, ಹನಿ ಬೀಳಬಾರದು. ಅದೇ ಹದ.

ಇನ್ನು ಪ್ಲೈವುಡ್. ನುಣುಪಾದ ಹಲಗೆಗೆ ಬರೀ ಮಣ್ಣು ಹಿಡಿಯುವುದೆಂದರೇನು? ಬುಟ್ಟಿಗೆ ಸಗಣಿ ಬಳಿಯುವುದನ್ನು ನೀನೇ ನೋಡಿದ್ದೀಯ. ಸಗಣಿಯಲ್ಲಿರುವ ಹುಲ್ಲಿನ ನಾರು ಮಣ್ಣನ್ನು ಹಿಡಿದಿಡುತ್ತದೆ. ಬೆಂಗಳೂರಿನಲ್ಲಿ ಹಸುಗಳಿಗೇನೂ ಬರವಿಲ್ಲ, ರಸ್ತೆಯ ಮಧ್ಯದಲ್ಲೇ ಮಲಗಿರುತ್ತವೆ ಎಂದು ಕೇಳಿದ್ದೇನೆ.

ಕಪ್ಪಿಗೆ ಅಕ್ಕಿಯನ್ನು ಹುರಿದರೆ ಸಾಲದು, ಸುಡಬೇಕು. ಕಬ್ಬಿಣದ ಬಾಣಲೆಯಲ್ಲಿ ಹೊಗೆ ಎದ್ದು, ಹೊಗೆ ನಿಂತು, ಕಾಳು ಇದ್ದಿಲಾಗುವವರೆಗೆ. ಅಡುಗೆಮನೆಯಲ್ಲಿ ಮಾಡಿದರೆ ಮನೆಯ ಮಾಲೀಕರು ಓಡಿ ಬರುತ್ತಾರೆ, ಮಹಡಿಯ ಮೇಲೆ ಮಾಡು. ಹಳದಿ ಬೇಕಾದರೆ ಗುರಿಗೆ ಕಾಯಿ ಬೇಕು, ಅದು ನಿನಗೆ ಅಲ್ಲಿ ಸಿಗುವುದಿಲ್ಲ, ಊರಿಂದಲೇ ತರಿಸಿಕೋ.

ಜಿರಳೆ ತಿಂದಿತು ಎಂದು ಬೇಸರ ಪಡಬೇಡ. ಅನ್ನವನ್ನು ಗೋಡೆಗೆ ಹಚ್ಚಿದರೆ ಹಸಿದವರು ತಿನ್ನುತ್ತಾರೆ. ನಮ್ಮ ಹಸೆಗೋಡೆಯ ಚಿತ್ತಾರವನ್ನು ಯಾರೂ ನೂರು ವರ್ಷ ಇರಲಿ ಎಂದು ಬರೆಯುವುದಿಲ್ಲ. ಮದುವೆಗೆ ಬರೆದದ್ದು ಮಳೆಗಾಲದ ತಂಡಿಗೆ ಮಾಸುತ್ತದೆ, ಮುಂದಿನ ಮದುವೆಗೆ ಮತ್ತೆ ಕೆಮ್ಮಣ್ಣು ಬಳಿದು ಹೊಸದಾಗಿ ಹಾಡು ಹೇಳುತ್ತಾ ಬರೆಯುತ್ತೇವೆ. ಅಳಿಸಿದ್ದಕ್ಕೇ ನಮ್ಮ ಕೈಗೆ ಇನ್ನೂ ಅಭ್ಯಾಸ ಉಳಿದಿದೆ.

ಟ್ಯಾಂಕರ್ ವಿಷಯ ಯೋಚಿಸಿ ಹೇಳುತ್ತೇನೆ.

ನೀರುಬಣ್ಣ (ಬೆಂಗಳೂರು)

ನಾನು ಭಾನುವಾರ ಬೆಳಿಗ್ಗೆ ಮಡಚುವ ಸ್ಟೂಲ್ ಹಿಡಿದು ಬೀದಿ ಬದಿ ಚಿತ್ರ ಬರೆಯುವವನು. ಹಲಗೆ ಉಳಿಯಲೇಬೇಕು ಎಂದಿದ್ದರೆ ಅಕ್ರಿಲಿಕ್ ಬಿಳಿ ಬಳಸಿ. ಜಿರಳೆ ಮುಟ್ಟುವುದಿಲ್ಲ, ಅಜ್ಜಿಯೂ ಕೋಪಿಸಿಕೊಳ್ಳಲಾರರು.

ಎರಡನೆಯ ಪ್ರಶ್ನೆಗೆ ನನ್ನ ಉತ್ತರ ರುಮಾಲೆ ಚೆನ್ನಬಸವಯ್ಯನವರು (1910-1988). ದೊಡ್ಡಬಳ್ಳಾಪುರದ ಕಡೆಯವರು, ಸ್ವಾತಂತ್ರ್ಯ ಹೋರಾಟಗಾರರು, 'ತಾಯಿನಾಡು' ಪತ್ರಿಕೆಯ ಸಂಪಾದಕರಾಗಿದ್ದವರು. ಅವರ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುವುದು ಬೆಂಗಳೂರಿನ ಹೂಬಿಟ್ಟ ಮರಗಳು, ಉದ್ಯಾನಗಳು, ರಸ್ತೆಗಳು. ಸ್ಥಳದಲ್ಲೇ ನಿಂತು ಬರೆಯುತ್ತಿದ್ದರು. ಆ ಮರಗಳ ಪೂರ್ವಾಪರ ತೆಗೆದರೆ ಗುಲ್‌ಮೊಹರ್ ಮಡಗಾಸ್ಕರಿನದು, ಜಕರಂಡ ಮತ್ತು ತಬೂಬಿಯಾ ದಕ್ಷಿಣ ಅಮೆರಿಕದವು. ಒಂದು ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಮರ ನೆಡಿಸಿದ ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಕ್ರುಂಬಿಗಲ್ ಜರ್ಮನಿಯವರು. ಹೊರಗಿನಿಂದ ಬಂದ ಮರಗಳೇ ನಮ್ಮ ದಿನನಿತ್ಯದ ಮರಗಳಾಗಿ, ರುಮಾಲೆಯವರ ಕೈಯಲ್ಲಿ ಬೆಂಗಳೂರೇ ಆಗಿಹೋದವು. ಹೀಗಿರುವಾಗ ಟ್ಯಾಂಕರ್ ಏನು ಪಾಪ ಮಾಡಿದೆ? ನೀರಿಲ್ಲದ ಊರಿನಲ್ಲಿ ಅದಕ್ಕಿಂತ ಹತ್ತಿರದ ನೆಂಟ ಯಾರು?

ಹಸೆಗೋಡೆ

ಅಕ್ರಿಲಿಕ್ ಬಳಸಿದರೆ ಬೆರಳಲ್ಲಿ ಓದುವುದು ಹೇಗೆ? ಅಕ್ಕಿಯ ಎಳೆ ಒಣಗಿದ ಮೇಲೆ ಮೈ ಮೇಲೆ ಏಳುತ್ತದೆ. ಈ ಹುಡುಗಿಯ ಅಜ್ಜಿ ತಪ್ಪು ಹಿಡಿದದ್ದೇ ಹಾಗೆ.

ನೀರುಬಣ್ಣ

ಒಪ್ಪಿದೆ. ಅದು ನನಗೆ ಹೊಳೆದಿರಲಿಲ್ಲ.

ಸುಣ್ಣದ ಕೈ (ಕುಮಟಾ)

ಬಣ್ಣದ ವಿಷಯಕ್ಕೆ ಬರುತ್ತೇನೆ. ನಾನು ಗಾರೆ ಕೆಲಸದವರ ಮಗ, ಹಳೆಯ ಮನೆಗಳ ಸುಣ್ಣದ ಗೋಡೆ ದುರಸ್ತಿ ಮಾಡುತ್ತೇನೆ. ನಮ್ಮ ಕರಾವಳಿಯ ಕಾವಿ ಕಲೆ ಕೂಡ ಮಣ್ಣಿನದೇ, ಆದರೆ ದಾರಿ ಬೇರೆ. ಚಿಪ್ಪಿನ ಸುಣ್ಣ, ಮರಳು, ಬೆಲ್ಲದ ನೀರು ಸೇರಿಸಿ ಕೊಳೆಸಿ ಗಾರೆ ಮಾಡಿ ಗೋಡೆಗೆ ಹಚ್ಚುತ್ತಾರೆ. ಅದರ ಮೇಲೆ ಹುರಮಂಜಿ, ಅಂದರೆ ಕೆಂಪು ಕಾವಿಮಣ್ಣಿನ ಪದರ. ಗೋಡೆ ಹಸಿಯಾಗಿರುವಾಗಲೇ ಚೂಪಾದ ಕಬ್ಬಿಣದ ಕಡ್ಡಿಯಿಂದ ಕೆಂಪನ್ನು ಕೆರೆದರೆ ಒಳಗಿನ ಬಿಳಿ ಚಿತ್ರವಾಗಿ ಏಳುತ್ತದೆ. ಚಿತ್ತಾರದಲ್ಲಿ ಬಿಳಿಯನ್ನು ಹಚ್ಚುತ್ತಾರೆ, ನಾವು ಬಿಳಿಯನ್ನು ಹೊರಗೆ ತೆಗೆಯುತ್ತೇವೆ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಗಳಲ್ಲಿ ನೋಡಬಹುದು. ಸುಣ್ಣ ಗಟ್ಟಿಯಾಗುತ್ತಾ ಮಣ್ಣನ್ನು ತನ್ನೊಳಗೇ ಹಿಡಿದುಕೊಳ್ಳುತ್ತದೆ, ಅದಕ್ಕೇ ಕರಾವಳಿಯ ಮಳೆಗೂ ಜಗ್ಗುವುದಿಲ್ಲ. ಹಾಗೆಂದು ಪ್ಲೈವುಡ್ಡಿನ ಮೇಲೆ ಗಾರೆ ಹಚ್ಚಲು ಹೋಗಬೇಡಿ.

ನಿಮ್ಮ ಮಣ್ಣನ್ನು ಹೀಗೆ ಮಾಡಿ. ಒಂದು ಬಕೆಟ್ ನೀರಿನಲ್ಲಿ ಕದಡಿ, ಹತ್ತು ಎಣಿಸುವಷ್ಟು ಹೊತ್ತು ಬಿಡಿ. ಮರಳು ತಳ ಸೇರುತ್ತದೆ. ಮೇಲಿನ ಕೆಂಪು ನೀರನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ತಿಳಿನೀರು ಚೆಲ್ಲಿದರೆ ತಳದಲ್ಲಿ ಬೆಣ್ಣೆಯಂಥ ಮಣ್ಣು ಉಳಿದಿರುತ್ತದೆ. ನೆನೆಸಿ ಕರಗಿಸಿದ ಜಾಲಿ ಗೋಂದನ್ನು ಸ್ವಲ್ಪ ಸೇರಿಸಿದರೆ ಕಾಗದಕ್ಕೂ ಹಿಡಿಯುತ್ತದೆ. ಕೆಮ್ಮಣ್ಣಿನ ಕೆಂಪು ಕಬ್ಬಿಣದ ತುಕ್ಕಿನ ಕೆಂಪು, ಬಿಸಿಲಿಗೆ ಮಾಸುವುದಿಲ್ಲ. ಎಲೆ, ಹೂವು, ಹಣ್ಣಿನ ಬಣ್ಣಗಳನ್ನು ಮಾತ್ರ ನಂಬಬೇಡಿ.

ನಂಬಿ ಕೆಟ್ಟವನು ನಾನು. ಕೆಲಸ ಕಲಿಯುವಾಗ ಒಬ್ಬರ ಮನೆಯ ಹೊಸ ಸುಣ್ಣದ ಗೋಡೆಗೆ ಸೂರ್ಯನನ್ನು ಬರೆಯಲು ಹೇಳಿದ್ದರು. ಹಳದಿ ಬೇಕಲ್ಲ ಎಂದು ಅಡುಗೆಮನೆಯಿಂದ ಅರಿಶಿನ ಕೇಳಿ ತಂದು ಕಲಸಿ ಹಚ್ಚಿದೆ. ನೋಡ ನೋಡುತ್ತಿದ್ದಂತೆ ಸೂರ್ಯ ರಕ್ತ ಕಾರಿಕೊಂಡ. ಅರಿಶಿನದ ನೀರಿಗೆ ಸುಣ್ಣ ಹಾಕಿ ಓಕುಳಿ ಮಾಡಿ ಆರತಿ ಎತ್ತುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ, ಗೋಡೆಯ ಮುಂದೆ ನಿಂತಾಗ ಅದು ನೆನಪಾಗಲಿಲ್ಲ. ಮನೆಯ ಯಜಮಾನರು ಬಂದು ನೋಡಿ, "ಸಂಜೆ ಸೂರ್ಯ ಇರಲಿ ಬಿಡು" ಎಂದರು. ಕೂಲಿ ಕಡಿಯಲಿಲ್ಲ.

ಬೆಣಚುಕಲ್ಲು ಮೇಷ್ಟ್ರು (ಗಂಗಾವತಿ ತಾಲ್ಲೂಕು)

ಸೂರ್ಯನ ಮಾತು ಬಂದದ್ದರಿಂದ ನನ್ನದೂ ಒಂದು. ನಾನು ಪ್ರಾಥಮಿಕ ಶಾಲೆಯ ಮೇಷ್ಟ್ರು, ಚಿತ್ರಕಲೆಯಲ್ಲಿ ತರಬೇತಿ ಪಡೆದವನಲ್ಲ. ಕೆಲವು ವರ್ಷಗಳ ಹಿಂದೆ ನಾಲ್ಕನೆಯ ತರಗತಿಗೆ "ನಿಮ್ಮ ಊರಿನ ಚಿತ್ರ ಬರೆಯಿರಿ" ಎಂದು ಹೇಳಿ ಹಾಜರಿ ಪುಸ್ತಕ ತೆಗೆದು ಕುಳಿತೆ. ಮೂವತ್ತೊಂದು ಹಾಳೆ ಬಂದವು. ಮೂವತ್ತೊಂದರಲ್ಲೂ ಎರಡು ತ್ರಿಕೋನದ ಬೆಟ್ಟ, ನಡುವೆ ಅರ್ಧ ಸೂರ್ಯ, ಕೆಳಗೆ ಹಾವಿನಂತೆ ಒಂದು ಹೊಳೆ, ಒಂದು ತೆಂಗಿನ ಮರ, ಹೆಂಚಿನ ಮನೆ. ಆಕಾಶದಲ್ಲಿ ಮೂರು ಎಂಬ ಅಂಕಿಯನ್ನು ಮಲಗಿಸಿದಂಥ ಹಕ್ಕಿಗಳು.

ನಮ್ಮೂರ ಬೆಟ್ಟ ಕಂಡವರಿಗೆ ಗೊತ್ತು. ಅವು ತ್ರಿಕೋನಕ್ಕೆ ಬಗ್ಗುವ ಬೆಟ್ಟಗಳಲ್ಲ. ಯಾರೋ ದೈತ್ಯನ ಮಗು ಗುಂಡು ಪೇರಿಸಿ ಆಡುತ್ತಾ ಅರ್ಧಕ್ಕೇ ಎದ್ದು ಹೋದಂತಿವೆ. ಒಂದರ ಮೇಲೊಂದು ಬಂಡೆ, ಈಗ ಬಿದ್ದೀತೋ ಆಗ ಬಿದ್ದೀತೋ ಎನ್ನಿಸುವ ಹಾಗೆ. ಹೆಂಚಿನ ಮನೆ ನಮ್ಮಲ್ಲಿ ಹುಡುಕಿದರೂ ಸಿಗುವುದು ಕಷ್ಟ, ಇರುವುದು ಮಣ್ಣಿನ ಮಾಳಿಗೆ, ಕಲ್ಲು ಚಪ್ಪಡಿ, ಈಗೀಗ ಆರ್‌ಸಿಸಿ. ಕಿಟಕಿ ತೆರೆದಿತ್ತು, ಬೆಟ್ಟ ಅಲ್ಲೇ ಇತ್ತು. ಒಂದು ಮಗುವೂ ತಲೆ ಎತ್ತಿ ನೋಡಿರಲಿಲ್ಲ. ಅವರನ್ನು ಬೈದು ಏನು ಫಲ, ಕಪ್ಪುಹಲಗೆಯ ಮೇಲೆ ಆ ತ್ರಿಕೋನ ಬರೆದು ತೋರಿಸಿದವನು ಹಿಂದಿನ ವರ್ಷ ನಾನೇ.

ಮರುದಿನ ಹಾಳೆ ಕೊಡದೆ ಹೊರಗೆ ಕರೆದೊಯ್ದೆ. "ಒಂದೊಂದು ಬಂಡೆ ಆರಿಸಿಕೊಳ್ಳಿ, ಬೇರೆಯವರಿಗೆ ಅದು ಯಾವುದು ಎಂದು ತಿಳಿಯಬೇಕು, ಹಾಗೆ ಬರೆಯಿರಿ" ಎಂದೆ. ಬರೆಯಲು ಇದ್ದಿಲು, ಇಟ್ಟಿಗೆ ಚೂರು, ಬಸಳೆ ಹಣ್ಣಿನ ರಸ, ಉಜ್ಜಲು ಸೊಪ್ಪು. ಬಂಡೆಯ ಮೇಲೆಯೇ ಬರೆದರು. ಗದ್ದಲವೆಂದರೆ ಗದ್ದಲ. ಒಬ್ಬ ಹುಡುಗ ಬಂಡೆ ಬರೆಯದೆ ಅದರ ಬುಡದ ಕಪ್ಪು ಕಲೆಯನ್ನು ಮಾತ್ರ ಬರೆದಿದ್ದ. ಏನಪ್ಪಾ ಇದು ಎಂದರೆ, "ಸರ್, ಆಡು ಮಲಗುವ ಜಾಗ" ಎಂದ. ಹೋಗಿ ನೋಡಿದೆ. ಆಡುಗಳು ವರ್ಷಗಟ್ಟಲೆ ಮೈ ಒರಗಿಸಿ ಕಲ್ಲು ನುಣುಪಾಗಿ ಕಪ್ಪಗಾಗಿತ್ತು. ಹತ್ತು ವರ್ಷ ಅದೇ ದಾರಿಯಲ್ಲಿ ನಡೆದಿದ್ದೇನೆ, ನೋಡಿರಲಿಲ್ಲ.

ಆಮೇಲೆ ಅವರನ್ನು ಹಿರೇಬೆಣಕಲ್ಲಿನ ಬೆಟ್ಟಕ್ಕೆ ಕರೆದುಕೊಂಡು ಹೋದೆ. ಅಲ್ಲಿನ ಕಲ್ಲಾಸರೆಗಳಲ್ಲಿ ಕೆಂಪು ಕಾವಿಯಲ್ಲಿ ಬರೆದ ಜಿಂಕೆಗಳು, ಕುಣಿಯುವ ಜನರು, ಆಯುಧ ಹಿಡಿದವರು ಇದ್ದಾರೆ. ಮೇಲೆ ಶಿಲಾಯುಗದ ಸಮಾಧಿಗಳು, ಜನ ಅವನ್ನು ಮೋರೇರ ಮನೆಗಳು ಎನ್ನುತ್ತಾರೆ. ಅದೇ ಹುಡುಗ ಬಹಳ ಹೊತ್ತು ನೋಡಿ, "ಇವರ ಮೇಷ್ಟ್ರು ತ್ರಿಕೋನ ಹೇಳಿಕೊಟ್ಟಿಲ್ಲ ಸರ್" ಎಂದ. ತುಂಟ. ಈಗ ಎಂಟನೆಯ ತರಗತಿಯಲ್ಲಿದ್ದಾನೆ.

ನಿಮ್ಮ ಟ್ಯಾಂಕರ್ ಬರೆಯಿರಿ. ಆದರೆ ನೋಡಿ ಬರೆಯಿರಿ. ನೆನಪಿನಿಂದ ಬರೆದರೆ ಅದೂ ತ್ರಿಕೋನವೇ ಆಗುತ್ತದೆ.

ಹಾದಿಹೋಕ

ಮೇಷ್ಟ್ರೇ, ಶಿಲಾಯುಗ ಎಂದರೆ ಯಾವುದು? ಅಲ್ಲಿರುವುದು ಬೃಹತ್ ಶಿಲಾ ಸಮಾಧಿಗಳು, ಕಬ್ಬಿಣ ಯುಗಕ್ಕೆ ಸೇರಿಸುತ್ತಾರೆ.

ಬೆಣಚುಕಲ್ಲು ಮೇಷ್ಟ್ರು

ನಿಜ, ಕೈ ಜಾರಿತು. ಬೃಹತ್ ಶಿಲಾ ಸಂಸ್ಕೃತಿ ಎಂದು ತಿದ್ದಿಕೊಂಡು ಓದಿ.

ಧಾರವಾಡದ ಸೂಜಿ

ನಾನು ಕಸೂತಿಯವಳು, ಬಣ್ಣದ ವಿಷಯ ತಿಳಿಯದು. ಆದರೆ ಟ್ಯಾಂಕರಿನ ಪ್ರಶ್ನೆ ನಮ್ಮದೂ ಹೌದು. ಇಳಕಲ್ ಸೀರೆಯ ಸೆರಗಿನಲ್ಲಿ ಇರುವುದೇನು? ಗೋಪುರ, ತುಳಸಿಕಟ್ಟೆ, ತೇರು, ಆನೆ, ನವಿಲು, ತೊಟ್ಟಿಲು. ಕಟ್ಟೆಯ ಮೇಲೆ ಕುಳಿತು ಹೊಲಿಯುವ ಹೆಂಗಸಿಗೆ ಕಂಡದ್ದೆಲ್ಲ ಬಂದಿದೆ. ಹೊಲಿಗೆಯ ಹೆಸರೇ ಮೆಂತೆ ಎಂದಿದೆ, ಕಾಳು ಚೆಲ್ಲಿದ ಹಾಗೆ ಕಾಣುತ್ತದೆಂದು.

ಆದರೆ ಕಂಡದ್ದು ಕಂಡ ಹಾಗೆ ಬರುವುದಿಲ್ಲ. ನಾವು ಬಟ್ಟೆಯ ಎಳೆ ಎಣಿಸಿ ಸೂಜಿ ಚುಚ್ಚುತ್ತೇವೆ. ಅಡ್ಡ, ಉದ್ದ, ಓರೆ, ಈ ಮೂರರಲ್ಲಿ ಏನು ಕೂರುತ್ತದೋ ಅದೇ ಆನೆ. ಗವಂತಿ ಎಂಬ ಹೊಲಿಗೆಯಲ್ಲಿ ಹೋದ ದಾರಿಯಲ್ಲೇ ಹಿಂದಿರುಗಿ ಬಿಟ್ಟ ಜಾಗ ತುಂಬಬೇಕು, ಗಂಟು ಹಾಕುವ ಹಾಗಿಲ್ಲ, ಸೀರೆಯ ಹಿಂದೂ ಮುಂದೂ ಒಂದೇ ಸಮ ಕಾಣಬೇಕು. ಕಳೆದ ವರ್ಷ ನಾನು ಕುಕ್ಕರ್ ಹೊಲಿದೆ. ಸೀಟಿಗೆ ಏಳು ಎಳೆ, ಹಿಡಿಕೆಗೆ ಹದಿನೈದು. ಅತ್ತೆಯವರು ನೋಡಿ ಗೋಪುರ ಚೆನ್ನಾಗಿ ಬಂದಿದೆ ಎಂದರು. ನಾನು ಸುಮ್ಮನಾದೆ.

ಎಳೆಯ ನಿಯಮ ಬಿಡದಿದ್ದರೆ ಯಾವ ಟ್ಯಾಂಕರ್ ಬಂದರೂ ಮನೆಯದೇ ಆಗುತ್ತದೆ ತಂಗಿ.

ಮನೆಗೊಂದು ಚಿತ್ತಾರ

ಒಳ್ಳೆಯ ಚರ್ಚೆ. ನಾನು ಇಂಥ ವಿನ್ಯಾಸಗಳನ್ನು ಚೀಲ, ತಟ್ಟೆ, ಕಾಲೊರೆಸುವ ಚಾಪೆಗಳ ಮೇಲೆ ಮುದ್ರಿಸಿ ಮಾರುತ್ತೇನೆ. ತೇರಿನ ವಿನ್ಯಾಸಕ್ಕೆ ಬಹಳ ಬೇಡಿಕೆ. ಕಲೆ ಉಳಿಯಬೇಕಾದರೆ ಮಾರುಕಟ್ಟೆಗೆ ಬರಲೇಬೇಕು, ಇಲ್ಲದಿದ್ದರೆ ಹೊಸ ಹುಡುಗಿಯರು ಯಾಕೆ ಕಲಿಯುತ್ತಾರೆ?

ಹಸೆಗೋಡೆ

ಚೀಲ ಸರಿ, ತಟ್ಟೆ ಸರಿ. ಕಾಲೊರೆಸುವ ಚಾಪೆಯ ಮೇಲೆ ಹಸೆಯನ್ನೇ? ಮದುಮಕ್ಕಳನ್ನು ಕೂರಿಸಿ ಅಕ್ಷತೆ ಹಾಕುವಾಗ ಬೆನ್ನ ಹಿಂದೆ ಇರುವ ಚಿತ್ರ ಅದು. ಟ್ಯಾಂಕರ್ ಬರೆದರೆ ಅಪಚಾರವೋ ಎಂದು ಈ ಮಗು ಕೇಳಿತ್ತು. ಅಪಚಾರ ಯಾವುದೆಂದು ಈಗ ಉದಾಹರಣೆ ಸಿಕ್ಕಿತು.

ಮಾರಿ, ಬೇಡ ಎನ್ನುವುದಿಲ್ಲ. ನಮ್ಮ ಹೆಂಗಸರೂ ಮಾರುತ್ತಾರೆ. ಯಾವ ಎಳೆ ಎಲ್ಲಿ ಬರುತ್ತದೆ ಎಂದು ಕೇಳಿಕೊಂಡು, ಕೇಳಿದವರಿಗೆ ದುಡ್ಡು ಕೊಟ್ಟು ಮಾರಿ.

ಮನೆಗೊಂದು ಚಿತ್ತಾರ

ಇದು ನನಗೆ ತಿಳಿದಿರಲಿಲ್ಲ. ಚಾಪೆ ನಿಲ್ಲಿಸುತ್ತೇನೆ. ಉಳಿದ ಸರಕು ಏನು ಮಾಡಬೇಕೋ ಗೊತ್ತಿಲ್ಲ, ನಷ್ಟವಂತೂ ಹೌದು. ದುಡ್ಡಿನ ಮಾತು ಪ್ರತ್ಯೇಕವಾಗಿ ಬರೆಯುತ್ತೇನೆ ಅಕ್ಕ.

ಕೆಮ್ಮಣ್ಣಿನ ಹುಡುಗಿ

ಮೂರು ವಾರದ ಮೇಲೆ ಬರುತ್ತಿದ್ದೇನೆ, ಕ್ಷಮಿಸಿ. ಎಲ್ಲರ ಮಾತೂ ಕೇಳಿದೆ. ಸಗಣಿ ಸಿಕ್ಕಿತು, ಎರಡನೆಯ ಅಡ್ಡರಸ್ತೆಯ ಹಾಲಿನವರ ಕೊಟ್ಟಿಗೆಯಿಂದ. ಮಣ್ಣನ್ನು ಹತ್ತು ಎಣಿಸಿ ಬಗ್ಗಿಸಿದೆ, ತಳದಲ್ಲಿ ಅರ್ಧ ಬಟ್ಟಲು ಮರಳು ಉಳಿಯಿತು. ಎಷ್ಟು ವ್ಯತ್ಯಾಸ! ಮೊದಲ ಹಲಗೆ ಗೋಣಿಚೀಲದ ಹಾಗಿತ್ತು, ಇದು ಮಡಕೆಯ ಹೊಟ್ಟೆಯ ಹಾಗಿದೆ. ಅಕ್ಕಿಯನ್ನು ಮಹಡಿಯ ಮೇಲೆ ಸುಟ್ಟೆ. ಮಾಲೀಕರು ಓಡಿ ಬಂದರು. ಆಮೇಲೆ ಅವರೇ ನಿಂತು ಬಾಣಲೆ ಕಲಕಿದರು.

ಟ್ಯಾಂಕರ್ ನೋಡಲು ನಾಲ್ಕು ಬೆಳಿಗ್ಗೆ ಕಾದೆ. ಮೇಷ್ಟ್ರು ಹೇಳಿದ್ದು ನಿಜ, ನಾನು ಅದನ್ನು ನೋಡಿಯೇ ಇರಲಿಲ್ಲ. ಪೈಪಿನ ಬಾಯಿಗೆ ಹಳೆಯ ಸೀರೆಯ ತುಂಡು ಸುತ್ತಿದ್ದಾರೆ. ಹಿಂಬದಿಯ ಕೊಳಾಯಿ ಸದಾ ಸೋರುತ್ತದೆ, ಅದು ನಿಲ್ಲುವ ಜಾಗದಲ್ಲಿ ಮಾತ್ರ ರಸ್ತೆಯ ಅಂಚಿಗೆ ಗರಿಕೆ ಬೆಳೆದಿದೆ, ಬೇರೆಲ್ಲೂ ಇಲ್ಲ. ಎರಡು ಮೈನಾಗಳಿಗೆ ಅದು ಬರುವ ಹೊತ್ತು ಗೊತ್ತು. ನನಗಿಂತ ಮೊದಲೇ ಬಂದು ಕೂರುತ್ತವೆ.

ಅಜ್ಜಿಗೆ ಫೋನಿನಲ್ಲಿ ಹೇಳಿದೆ. ಅವಳಿಗೆ ಟ್ಯಾಂಕರ್ ಎಂದರೆ ಏನೆಂದು ತಿಳಿಸಲು ಸ್ವಲ್ಪ ಹೊತ್ತು ಹಿಡಿಯಿತು. ನೀರನ್ನು ದುಡ್ಡು ಕೊಟ್ಟು ತರಿಸುತ್ತೇವೆ ಎಂಬುದನ್ನು ಮಾತ್ರ ನಂಬಲಿಲ್ಲ. ಕೊನೆಗೆ, "ನೀರು ತರುವುದಾದರೆ ಅದನ್ನು ಬರೆಯಬಹುದು, ಆದರೆ ಗರಿಕೆಯನ್ನು ಮೊದಲು ಬರೆ" ಎಂದಳು.

ಈಗ ಸಿಕ್ಕಿಕೊಂಡಿರುವುದು ಚಕ್ರದಲ್ಲಿ. ನಾನು ಕಲಿತದ್ದು ನೆಟ್ಟಗಿನ ಎಳೆ ಮಾತ್ರ. ದುಂಡಗಿನದನ್ನು ಏನು ಮಾಡಲಿ?

ಧಾರವಾಡದ ಸೂಜಿ

ಎಂಟು ಮೂಲೆ ಕೊಡು. ನಮ್ಮ ತೇರಿನ ಚಕ್ರ ಹಾಗೇ ಉರುಳುತ್ತದೆ.

ಹಸೆಗೋಡೆ

ಗರಿಕೆ ಎತ್ತರಕ್ಕೆ ಬರೆದರೆ ಚಕ್ರ ಅರ್ಧ ಮುಚ್ಚುತ್ತದೆ, ಅಜ್ಜಿ ಅದನ್ನೇ ಹೇಳಿರುವುದು. ಮುಗಿದ ಮೇಲೆ ಚಿತ್ರ ತೆಗೆದು ಇಲ್ಲಿ ಹಾಕು, ಜಿರಳೆ ನೋಡುವ ಮೊದಲು.

ನೀರುಬಣ್ಣ

ಮುಂದಿನ ತಿಂಗಳು ಸಾಗರದ ಕಡೆ ಹೋಗುವವರು ಯಾರಾದರೂ ಇದ್ದರೆ ನನಗೂ ಎರಡು ಕಿಲೋ ಕೆಮ್ಮಣ್ಣು ತನ್ನಿ. ಬಸ್ಸಿನ ಲಗೇಜು ನಾನು ಕೊಡುತ್ತೇನೆ.